ಕೆಲಸದಿಂದ ಕೆಲಸಕ್ಕೆ ಹೊರಳುವ ಮನಸ್ಸು: ವ್ಯಾಪಾರಸ್ಥರಿಗೊಂದು ಅಭ್ಯಾಸ ಪಾಠ

ದೊಡ್ಡ ಕಂಪನಿಗಳಲ್ಲಿ ಖರೀದಿಗೆ ಒಂದು ವಿಭಾಗ, ಮಾರಾಟಕ್ಕೆ ಒಂದು ವಿಭಾಗ, ಲೆಕ್ಕಪತ್ರಕ್ಕೆ ಮತ್ತೊಂದು ವಿಭಾಗ ಇರುತ್ತವೆ. ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಬಹುಪಾಲು ಅಂಗಡಿ, ಗಿರಣಿ ಹಾಗೂ ಸಣ್ಣ ಕಾರ್ಖಾನೆಗಳಲ್ಲಿ ಈ ಎಲ್ಲ ವಿಭಾಗಗಳೂ ಮಾಲೀಕರೊಬ್ಬರ ತಲೆಯಲ್ಲಿಯೇ ನೆಲೆಸಿವೆ. ಗಿರಾಕಿಯೊಡನೆ ದರ ಮಾತನಾಡುವವರೂ ಅವರೇ, ಹಮಾಲರಿಗೆ ಕೂಲಿ ಎಣಿಸುವವರೂ ಅವರೇ, ಯಂತ್ರ ಕೆಟ್ಟರೆ ಮೆಕ್ಯಾನಿಕ್‌ನನ್ನು ಕರೆಸುವವರೂ ಅವರೇ, ಜಿಎಸ್‌ಟಿ ರಿಟರ್ನ್ ಸಕಾಲಕ್ಕೆ ಸಲ್ಲಿಕೆಯಾಯಿತೇ ಎಂದು ವಿಚಾರಿಸುವವರೂ ಅವರೇ. ರಾತ್ರಿ ಶಟರ್ ಎಳೆಯುವಾಗ, ಬೆಳಗಿನಿಂದ ಒಂದು ಗಳಿಗೆಯೂ ಬಿಡುವಿರಲಿಲ್ಲ, ಆದರೂ ಮುಗಿದ ಕೆಲಸ ಯಾವುದು ಎಂಬ ಪ್ರಶ್ನೆ ಅನೇಕರನ್ನು ಕಾಡುತ್ತದೆ.

ಇಂತಹವರು ಶ್ರಮ ಪಡುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವಾಗಲೆಲ್ಲ ಮನಸ್ಸು ತೆರುವ ಒಂದು ಖರ್ಚು ಇದೆ. ಆ ಖರ್ಚನ್ನು ಯಾವ ಕಿರ್ದಿಯಲ್ಲಿಯೂ ಯಾರೂ ಬರೆಯುವುದಿಲ್ಲ. ಅದು ಎಂತಹುದು, ಅದನ್ನು ತಗ್ಗಿಸುವುದು ಹೇಗೆ, ಮತ್ತು ಪ್ರತಿಯೊಬ್ಬರೂ ತಮ್ಮ ವ್ಯವಹಾರಕ್ಕೂ ಸ್ವಭಾವಕ್ಕೂ ಒಪ್ಪುವ ಕ್ರಮವನ್ನು ತಾವೇ ಕಂಡುಕೊಳ್ಳುವುದು ಹೇಗೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಗಿರಣಿ ಕಲಿಸುವ ಪಾಠ

ಹಿಟ್ಟಿನ ಗಿರಣಿ ನಡೆಸುವವರಿಗೆ ಈ ವಿಷಯವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮೆಣಸಿನಕಾಯಿ ಬೀಸಿದ ಯಂತ್ರಕ್ಕೆ ಕೂಡಲೇ ಅಕ್ಕಿ ಸುರಿದರೆ ಹಿಟ್ಟು ಕೆಂಪಾಗಿ ಬೀಳುತ್ತದೆ. ಆ ಹಿಟ್ಟನ್ನು ಒಯ್ದ ಗಿರಾಕಿ ಮತ್ತೆ ಆ ಗಿರಣಿಯ ಕಡೆಗೆ ಬರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ನೆರೆಯಲ್ಲಿಯೇ ಇರುವ ನಮಗೆ ಆ ಬಣ್ಣ ಎಷ್ಟು ಗಟ್ಟಿ ಎಂಬುದು ತಿಳಿದೇ ಇದೆ. ಆದುದರಿಂದ ಅನುಭವಸ್ಥ ಗಿರಣಿಯವರು ಮೂರು ಉಪಾಯಗಳನ್ನು ಮಾಡುತ್ತಾರೆ. ಸಾಧ್ಯವಿದ್ದರೆ ಖಾರಕ್ಕೆ ಬೇರೆಯೇ ಯಂತ್ರವನ್ನು ಇಡುತ್ತಾರೆ. ಒಂದೇ ಯಂತ್ರವಿದ್ದರೆ ಅಕ್ಕಿ, ಗೋಧಿ, ಜೋಳಗಳನ್ನು ಒಟ್ಟೊಟ್ಟಿಗೆ ಮುಗಿಸಿ ಖಾರವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ನಡುವೆ ಬದಲಿಸಲೇಬೇಕಾಗಿ ಬಂದರೆ ಒಂದಿಷ್ಟು ಕಾಳು ಬೀಸಿ, ಅದನ್ನು ಬೇರೆ ತೆಗೆದು, ಕಲ್ಲನ್ನು ಸ್ವಚ್ಛಗೊಳಿಸಿಕೊಳ್ಳುತ್ತಾರೆ. ಬೇರ್ಪಡಿಸುವುದು, ಒಟ್ಟುಗೂಡಿಸುವುದು, ಸ್ವಚ್ಛಗೊಳಿಸುವುದು: ಈ ಮೂರನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ಮನಸ್ಸಿನ ಗಿರಣಿಯೂ ಹೀಗೆಯೇ ನಡೆಯುತ್ತದೆ ಎಂಬುದನ್ನು ಮನಃಶಾಸ್ತ್ರಜ್ಞರ ಪ್ರಯೋಗಗಳು ತೋರಿಸಿಕೊಟ್ಟಿವೆ. 1927ರಲ್ಲಿ ಅಮೆರಿಕದ ಆರ್ಥರ್ ಜರ್ಸಿಲ್ಡ್ ಎಂಬ ಸಂಶೋಧಕರು ಜನರಿಗೆ ಎರಡು ಬಗೆಯ ಪಟ್ಟಿಗಳನ್ನು ಕೊಟ್ಟರು. ಒಂದರಲ್ಲಿ ಆದ್ಯಂತ ಒಂದೇ ಬಗೆಯ ಲೆಕ್ಕ. ಇನ್ನೊಂದರಲ್ಲಿ ಒಮ್ಮೆ ಕೂಡುವುದು, ಒಮ್ಮೆ ಕಳೆಯುವುದು ಎಂಬ ಸರದಿ. ಸರದಿಯ ಪಟ್ಟಿಯನ್ನು ಮುಗಿಸಲು ಹೆಚ್ಚು ಸಮಯ ಹಿಡಿಯಿತು. ಆದರೆ ಎರಡೂ ಕೆಲಸಗಳು ನೋಡಿದೊಡನೆ ಬೇರೆ ಬೇರೆ ಎಂದು ಗುರುತಿಸುವಂತಿದ್ದಾಗ, ಅಂದರೆ ಒಂದಕ್ಕೆ ಅಂಕೆಗಳನ್ನೂ ಇನ್ನೊಂದಕ್ಕೆ ಪದಗಳನ್ನೂ ಕೊಟ್ಟಾಗ, ಆ ನಷ್ಟ ಕಾಣಿಸಲಿಲ್ಲ. ಖಾರಕ್ಕೆ ಬೇರೆ ಯಂತ್ರವಿಡುವ ಗಿರಣಿಯವರ ಜಾಣತನಕ್ಕೆ ಇದೊಂದು ಸಾಕ್ಷಿಯೆನ್ನಬಹುದು.

1995ರಲ್ಲಿ ರಾಬರ್ಟ್ ರಾಜರ್ಸ್ ಮತ್ತು ಸ್ಟೀಫನ್ ಮಾನ್ಸೆಲ್ ಎಂಬ ವಿದ್ವಾಂಸರು ಇನ್ನೊಂದು ಅಂಶವನ್ನು ತೋರಿಸಿದರು. ಮುಂದೆ ಯಾವ ಕೆಲಸ ಬರಲಿದೆ ಎಂದು ತಿಳಿದಿದ್ದು, ಸಿದ್ಧರಾಗಲು ಸ್ವಲ್ಪ ಅವಕಾಶವೂ ದೊರೆತರೆ ಹೊರಳುವ ಖರ್ಚು ತಗ್ಗುತ್ತದೆ. ಆದರೂ ಅದು ಪೂರ್ತಿಯಾಗಿ ಇಲ್ಲವಾಗುವುದಿಲ್ಲ. ಪ್ರಯೋಗಾಲಯದಲ್ಲಿ ಈ ಖರ್ಚು ಸೆಕೆಂಡಿಗಿಂತ ಕಡಿಮೆಯಾದ ಚಿಕ್ಕ ಅಂಶ. ಅಂಗಡಿಯ ದೊಡ್ಡ ಕೆಲಸಗಳಲ್ಲಿ ಅದು ಬೇರೆ ರೂಪದಲ್ಲಿ ಬೆಳೆಯುತ್ತದೆ. 2009ರಲ್ಲಿ ಸೋಫಿ ಲೆರಾಯ್ ಎಂಬ ಸಂಶೋಧಕಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದವರ ಗಮನದ ಒಂದು ಭಾಗ ಅಲ್ಲಿಯೇ ಉಳಿದುಬಿಡುತ್ತದೆ ಮತ್ತು ಎರಡನೆಯ ಕೆಲಸದ ಗುಣಮಟ್ಟ ಕುಗ್ಗುತ್ತದೆ. ಕಲ್ಲಿನಲ್ಲಿ ಉಳಿದ ಖಾರವೆಂದರೆ ಇದೇ.

ಕೆಲವರು ತಮಗೆ ಏಕಕಾಲಕ್ಕೆ ಎರಡು ಕೆಲಸ ಮಾಡುವ ಶಕ್ತಿ ಇದೆಯೆಂದು ನಂಬಿರುತ್ತಾರೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 200 ಜನರನ್ನು ವಾಹನ ಚಾಲನೆಯ ಅನುಕರಣ ಯಂತ್ರದಲ್ಲಿ ಕುಳ್ಳಿರಿಸಿ, ಫೋನಿನಲ್ಲಿ ಲೆಕ್ಕ ಮತ್ತು ನೆನಪಿನ ಪರೀಕ್ಷೆಯನ್ನೂ ಕೊಟ್ಟರು. ಎರಡರಲ್ಲಿಯೂ ಕುಂದದೆ ಉಳಿದವರು ಶೇಕಡಾ 2.5ರಷ್ಟು ಮಾತ್ರ, ಅಂದರೆ 5 ಜನ. ನಾವು ಉಳಿದ 195 ಜನರ ಸಾಲಿನವರೆಂದು ತಿಳಿದು ವ್ಯವಹಾರವನ್ನು ರೂಪಿಸಿಕೊಳ್ಳುವುದೇ ಕ್ಷೇಮ.

ನಷ್ಟ ಎಲ್ಲಿ ಕಾಣಿಸಿಕೊಳ್ಳುತ್ತದೆ?

ಗಮನ ಚದುರಿದ್ದರ ನಷ್ಟ ಆ ಕ್ಷಣದಲ್ಲಿ ಕಾಣುವುದಿಲ್ಲ. ಕೆಲವು ದಿನಗಳ ನಂತರ ಹಣದ ರೂಪದಲ್ಲಿ ಎದುರಿಗೆ ನಿಲ್ಲುತ್ತದೆ. ಇ-ವೇ ಬಿಲ್ಲಿನ ಉದಾಹರಣೆಯನ್ನು ತೆಗೆದುಕೊಳ್ಳೋಣ. ತೆರಿಗೆಗೆ ಒಳಪಡುವ ಸರಕಿನ ಮೌಲ್ಯ ರೂ. 50,000 ಮೀರಿದರೆ ಸಾಮಾನ್ಯವಾಗಿ ಇದು ಅವಶ್ಯ. ಲಾರಿ ಹೊರಡುವ ಗಡಿಬಿಡಿ, ಒಂದು ಕಿವಿಯಲ್ಲಿ ಫೋನು, ಎದುರಿಗೆ ಗಿರಾಕಿ. ಈ ನಡುವೆ ವಾಹನದ ಸಂಖ್ಯೆಯನ್ನು ತುಂಬಬೇಕು. ವಾಹನ ಸಂಖ್ಯೆಯಲ್ಲಿ ಒಂದೆರಡು ಅಂಕೆ ಅಥವಾ ಅಕ್ಷರ ತಪ್ಪಿದರೆ ಅದನ್ನು ಸಣ್ಣ ದೋಷವೆಂದು ಪರಿಗಣಿಸಿ, ಕೇಂದ್ರ ಮತ್ತು ರಾಜ್ಯ ತೆರಿಗೆಗಳಡಿ ತಲಾ ರೂ. 500, ಒಟ್ಟು ರೂ. 1,000 ದಂಡಕ್ಕೆ ಸೀಮಿತಗೊಳಿಸಬೇಕೆಂದು 2018ರ ಸೆಪ್ಟೆಂಬರ್ 14ರ ಕೇಂದ್ರ ಸುತ್ತೋಲೆ ತಿಳಿಸುತ್ತದೆ. ಆದರೆ ದಾಖಲೆಯೇ ಇಲ್ಲದಿದ್ದರೆ ಅಥವಾ ದೋಷ ದೊಡ್ಡದಾಗಿದ್ದರೆ ಸರಕನ್ನು ತಡೆಹಿಡಿಯಬಹುದು. 2022ರ ಜನವರಿ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಮಾಲೀಕರು ಮುಂದೆ ಬಂದು ಬಿಡಿಸಿಕೊಳ್ಳುವಾಗ ತೆರಿಗೆಯ ಎರಡು ಪಟ್ಟು ದಂಡ ತೆರಬೇಕಾಗುತ್ತದೆ. ಐದು ನಿಮಿಷ ಒಂದೇ ಕಡೆಗೆ ಗಮನವಿಟ್ಟಿದ್ದರೆ ತಪ್ಪುತ್ತಿದ್ದ ಖರ್ಚು ಇದು.

ದಂಡವಿಲ್ಲದ ನಷ್ಟಗಳೂ ಉಂಟು. ಉದ್ರಿ ಕೊಟ್ಟು ಬರೆಯುವುದನ್ನು ಮರೆಯುವುದು, ಒಬ್ಬರ ಜಮೆಯನ್ನು ಇನ್ನೊಬ್ಬರ ಖಾತೆಗೆ ಹಾಕುವುದು, ತೂಕ ಮಾಡಿದ ಚೀಲವನ್ನು ಮತ್ತೊಮ್ಮೆ ತೂಗಿಸುವುದು, ಹೇಳಿದ ದರವನ್ನೇ ಮರೆತು ಬೇರೆ ದರ ಹೇಳುವುದು. ಹಣ ಹೋದರೆ ದುಡಿಯಬಹುದು, ಮಾತು ತಪ್ಪಿದ ಅಂಗಡಿಗೆ ಹೋದ ಹೆಸರು ಬೇಗ ಮರಳುವುದಿಲ್ಲ.

ಅವಧಾನ ಕಲೆಯಲ್ಲಿರುವ ವ್ಯವಸ್ಥೆ

ಒಬ್ಬರ ಸುತ್ತ ಎಂಟು ಜನ ಕುಳಿತು ಎಂಟು ಬಗೆಯ ಬೇಡಿಕೆಗಳನ್ನು ಇಡುವ ಸನ್ನಿವೇಶ ಸಂತೆಯ ದಿನದ ಅಂಗಡಿಗೆ ಹೊಸದಲ್ಲ. ಇದೇ ಸನ್ನಿವೇಶವನ್ನು ಕಲೆಯಾಗಿ ಬೆಳೆಸಿದ ಪರಂಪರೆಯೊಂದು ನಮ್ಮಲ್ಲಿದೆ, ಅದು ಅಷ್ಟಾವಧಾನ. 'ಅವಧಾನ' ಎಂಬ ಪದದ ಅರ್ಥವೇ ಗಮನ, ಏಕಾಗ್ರತೆ. 1962ರಲ್ಲಿ ಕೋಲಾರದಲ್ಲಿ ಜನಿಸಿದ ಶತಾವಧಾನಿ ಡಾ. ಆರ್. ಗಣೇಶ್ ಅವರು ಈ ಕಲೆಗೆ ಕನ್ನಡದಲ್ಲಿ ಹೊಸ ಜೀವ ತುಂಬಿದವರು. 2012ರಲ್ಲಿ ಬೆಂಗಳೂರಿನಲ್ಲಿ ಪೂರ್ತಿ ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿಕೊಟ್ಟರು.

ಅಷ್ಟಾವಧಾನದಲ್ಲಿ ಪ್ರಶ್ನೆ ಕೇಳುವವರನ್ನು ಪೃಚ್ಛಕರು ಎನ್ನುತ್ತಾರೆ. ನಿಷೇಧಾಕ್ಷರಿಯವರು ಪದ್ಯ ಕಟ್ಟುವಾಗ ಮುಂದಿನ ಅಕ್ಷರವನ್ನು ನಿಷೇಧಿಸುತ್ತ ಹೋಗುತ್ತಾರೆ. ಸಮಸ್ಯಾಪೂರಣದವರು ಅಸಂಬದ್ಧವೆನಿಸುವ ಕೊನೆಯ ಸಾಲನ್ನು ಕೊಟ್ಟು ಪದ್ಯ ಪೂರ್ಣಗೊಳಿಸಲು ಕೇಳುತ್ತಾರೆ. ದತ್ತಪದಿಯವರು ತಾವು ಕೊಟ್ಟ ಪದಗಳನ್ನು ಸೇರಿಸಿ ಪದ್ಯ ಹೇಳಬೇಕೆನ್ನುತ್ತಾರೆ. ಸಂಖ್ಯಾಬಂಧದವರು ಚೌಕದ ಯಾವುದೋ ಮನೆಗೆ ಯಾವ ಅಂಕೆ ಎಂದು ನಡುನಡುವೆ ಕೇಳುತ್ತಾರೆ. ಅಪ್ರಸ್ತುತ ಪ್ರಸಂಗದವರಂತೂ ಬೇಕಾದಾಗ ಬಾಯಿ ಹಾಕಿ ಗಮನ ಕೆಡಿಸುವುದಕ್ಕೆಂದೇ ಕುಳಿತಿರುತ್ತಾರೆ. ಅವಧಾನಿಯ ಕೈಯಲ್ಲಿ ಕಾಗದವಿಲ್ಲ, ಲೇಖನಿಯಿಲ್ಲ.

ನೋಡುವವರಿಗೆ ಎಲ್ಲವೂ ಏಕಕಾಲಕ್ಕೆ ನಡೆಯುವಂತೆ ತೋರುತ್ತದೆ. ಸೂಕ್ಷ್ಮವಾಗಿ ಗಮನಿಸಿದರೆ ಅಲ್ಲಿ ಬಿಗಿಯಾದ ವ್ಯವಸ್ಥೆ ಇರುವುದು ಕಾಣುತ್ತದೆ. ವ್ಯಾಪಾರಸ್ಥರು ಅದರಿಂದ ನಾಲ್ಕು ಅಂಶಗಳನ್ನು ಗ್ರಹಿಸಬಹುದು.

ಮೊದಲನೆಯದಾಗಿ, ಅವಧಾನಿ ಒಂದು ಸುತ್ತಿನಲ್ಲಿ ಇಡೀ ಪದ್ಯವನ್ನು ಹೇಳುವುದಿಲ್ಲ. ಒಬ್ಬ ಪೃಚ್ಛಕರಿಗೆ ಒಂದು ಸಾಲನ್ನು ಪೂರ್ತಿ ಕೊಟ್ಟು ಮುಂದಿನವರ ಬಳಿಗೆ ಹೋಗುತ್ತಾರೆ. ನಾಲ್ಕು ಸುತ್ತುಗಳಲ್ಲಿ ಪದ್ಯ ಪೂರ್ಣವಾಗುತ್ತದೆ. ಬಿಡುವುದು ಸಾಲಿನ ಕೊನೆಯಲ್ಲಿ. ಎರಡನೆಯದಾಗಿ, ಪೃಚ್ಛಕರ ಸರದಿ ಮೊದಲೇ ಗೊತ್ತಾಗಿರುತ್ತದೆ. ಮೂರನೆಯದಾಗಿ, ಸರದಿ ಮುರಿದು ನಡುವೆ ಬರುವ ಅಧಿಕಾರ ಎಲ್ಲರಿಗೂ ಇಲ್ಲ. ಅದು ಅಪ್ರಸ್ತುತ ಪ್ರಸಂಗ ಮತ್ತು ಸಂಖ್ಯಾಬಂಧದಂತಹ ಒಂದೆರಡು ವಿಭಾಗಗಳಿಗೆ ಮಾತ್ರ ಮೀಸಲು, ಮತ್ತು ಅವರಿಗೆ ದೊರೆಯುವ ಉತ್ತರವೂ ಚಿಕ್ಕದು. ನಾಲ್ಕನೆಯದಾಗಿ, ಕೊನೆಯಲ್ಲಿ 'ಧಾರಣ' ಇರುತ್ತದೆ: ಅದುವರೆಗೆ ಬಿಡಿಬಿಡಿಯಾಗಿ ಹೇಳಿದ ಪದ್ಯಗಳನ್ನೆಲ್ಲ ಅವಧಾನಿ ನೆನಪಿನಿಂದ ಇಡಿಯಾಗಿ ಒಪ್ಪಿಸುತ್ತಾರೆ.

ಇಂತಹ ಧಾರಣಶಕ್ತಿ ದೀರ್ಘ ಸಾಧನೆಯ ಫಲ. ಅದು ಎಲ್ಲರಿಗೂ ಸಾಧ್ಯವಲ್ಲ. ಆದರೆ ನಮಗೆ ಅವಧಾನಿಗಿಲ್ಲದ ಒಂದು ಅನುಕೂಲವಿದೆ. ನಮ್ಮ ಕೈಯಲ್ಲಿ ಕಾಗದವಿದೆ. ಅವರು ನೆನಪಿನಲ್ಲಿ ಇಡುವುದನ್ನು ನಾವು ಒಂದು ಚೀಟಿಯಲ್ಲಿ ಇಡಬಹುದು. ಉಳಿದ ಮೂರು ನಿಯಮಗಳನ್ನು ಪಾಲಿಸಲು ಪಾಂಡಿತ್ಯ ಬೇಕಾಗಿಲ್ಲ.

ಹಳೆಯ ದಲಾಲಿ ಅಂಗಡಿಗಳಲ್ಲಿ ಈ ವಿವೇಕ ಮೊದಲಿನಿಂದಲೂ ಇತ್ತು. ಹಗಲು ವ್ಯವಹಾರ ನಡೆದಂತೆ ಕಚ್ಚಾ ವಹಿಯಲ್ಲಿ ಒಂದು ಸಾಲು ಗೀಚಿ, ಸಂಜೆ ಗದ್ದಲ ಇಳಿದ ಮೇಲೆ ಪಕ್ಕಾ ಕಿರ್ದಿಯನ್ನು ಬರೆಯುತ್ತಿದ್ದರು. ಕಾಳು ಅಳೆಯುವವರು ಮೊದಲ ಅಳತೆಗೆ 'ಲಾಭ' ಎಂದು ಆರಂಭಿಸಿ ಪ್ರತಿ ಸಂಖ್ಯೆಯನ್ನು ಗಟ್ಟಿಯಾಗಿ ಹೇಳುತ್ತ ಹೋಗುತ್ತಿದ್ದುದರಲ್ಲಿಯೂ ಎಣಿಕೆ ತಪ್ಪದಿರಲಿ ಎಂಬ ಉದ್ದೇಶ ಅಡಗಿತ್ತು. ಬಾಯಿ ಎಣಿಸುತ್ತಿರುವಾಗ ಯಾರೂ ಅವರನ್ನು ಮಾತನಾಡಿಸುತ್ತಿರಲಿಲ್ಲ.

ಅಚ್ಚು ಬದಲಿಸುವ ವಿದ್ಯೆ

ಸಣ್ಣ ಕೈಗಾರಿಕೆ ನಡೆಸುವವರಿಗೆ ಇನ್ನೊಂದು ಉದಾಹರಣೆ ಹೆಚ್ಚು ಹತ್ತಿರವಾದೀತು. ಒಂದು ಪ್ರೆಸ್ಸಿನಲ್ಲಿ ಅಚ್ಚು ಬದಲಿಸುವಷ್ಟು ಹೊತ್ತು ಉತ್ಪಾದನೆ ನಿಲ್ಲುತ್ತದೆ. ಜಪಾನಿನ ಶಿಗೆಯೊ ಶಿಂಗೊ ಎಂಬ ಎಂಜಿನಿಯರ್ 1969ರಲ್ಲಿ ಟೊಯೊಟಾ ಕಾರ್ಖಾನೆಯ 1,000 ಟನ್ ಪ್ರೆಸ್ಸಿನ ಅಚ್ಚು ಬದಲಿಸುವ ಅವಧಿಯನ್ನು 4 ಗಂಟೆಗಳಿಂದ 90 ನಿಮಿಷಗಳಿಗೆ ಇಳಿಸಿದರು. ಅದು ಸಾಲದೆಂದು ಆಡಳಿತ ಹೇಳಿದಾಗ ಮತ್ತೆ ಕೆಲವು ತಿಂಗಳಲ್ಲಿ 3 ನಿಮಿಷಗಳಿಗೆ ತಂದರು. ಅವರ ತತ್ತ್ವ ಸರಳವಾದುದು. ಯಂತ್ರ ನಿಂತಾಗಲೇ ಮಾಡಬೇಕಾದ ಕೆಲಸಗಳು ಯಾವುವು, ಯಂತ್ರ ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದವು ಯಾವುವು ಎಂದು ವಿಂಗಡಿಸಿ, ಎರಡನೆಯ ಗುಂಪಿನದೆಲ್ಲವನ್ನೂ ಮೊದಲೇ ಮುಗಿಸಿಡುವುದು. ಪಾನಾ ಹುಡುಕುವುದು, ಬೋಲ್ಟ್ ತರುವುದು, ಅಚ್ಚನ್ನು ಹತ್ತಿರಕ್ಕೆ ಸಾಗಿಸುವುದು ಇವಕ್ಕಾಗಿ ಯಂತ್ರ ನಿಲ್ಲಬೇಕಾಗಿಲ್ಲ.

ಮನಸ್ಸಿಗೂ ಇದು ಅನ್ವಯಿಸುತ್ತದೆ. ರಿಟರ್ನ್‌ಗಾಗಿ ಲೆಕ್ಕ ಹಾಕಲು ಕುಳಿತ ಮೇಲೆ ಖರೀದಿ ಬಿಲ್ಲುಗಳನ್ನು ಹುಡುಕಲು ಏಳುವುದು, ಪಾಸ್‌ವರ್ಡ್ ಕೇಳಲು ಮಗನಿಗೆ ಫೋನು ಮಾಡುವುದು, ಆ ಫೋನಿನಲ್ಲಿ ಬಂದ ಸಂದೇಶ ನೋಡುವುದು, ಅಲ್ಲಿಂದ ಇನ್ನೆಲ್ಲಿಗೋ ಹೋಗುವುದು. ಅಚ್ಚು ಬದಲಿಸುವಾಗ ಪಾನಾ ಹುಡುಕುವುದೆಂದರೆ ಇದೇ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರಿಗೆ ಸಾಮಾನ್ಯವಾಗಿ 11 ಮತ್ತು 20ನೆಯ ತಾರೀಖುಗಳು ಗೊತ್ತಿರುವ ಗಡುವುಗಳು. ತಡವಾದ ತೆರಿಗೆಗೆ ವರ್ಷಕ್ಕೆ ಶೇಕಡಾ 18ರ ಬಡ್ಡಿ ಬೀಳುತ್ತದೆ. ಬಿಲ್ಲುಗಳನ್ನು ಬಂದ ದಿನವೇ ಒಂದೇ ಫೈಲಿಗೆ ಸೇರಿಸುತ್ತ ಬಂದವರಿಗೆ ಆ ತಾರೀಖು ಭಯ ಹುಟ್ಟಿಸುವುದಿಲ್ಲ.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ದಿನಚರಿ

ಈ ತತ್ತ್ವಗಳು ಎಲ್ಲರಿಗೂ ಒಂದೇ ಆದರೂ ಪಾಲಿಸುವ ಬಗೆ ಒಬ್ಬೊಬ್ಬರಿಗೆ ಒಂದೊಂದು. ಬೆಳಗಿನ ಎರಡು ತಾಸು ಯಾರೊಡನೆಯೂ ಮಾತನಾಡದೆ ಕೆಲಸ ಮಾಡಿರೆಂಬ ಉಪದೇಶ ನಗರದ ಕಚೇರಿಯವರಿಗೆ ಒಪ್ಪಬಹುದು. ಸವಣೂರಿನ ವೀಳ್ಯದೆಲೆ ವ್ಯಾಪಾರಿಗೆ ಬೆಳಗಿನ ಹೊತ್ತೇ ವ್ಯಾಪಾರದ ಹೊತ್ತು. ಎಲೆ ಬಾಡುವ ಸರಕು. ಗಿರಾಕಿಯನ್ನೂ ಗಾಡಿಯನ್ನೂ ಕಾಯಿಸುವಂತಿಲ್ಲ. ಅವರು ಕಾಪಾಡಿಕೊಳ್ಳಬೇಕಾದುದು ಎಣಿಕೆಯನ್ನು. ನೂರರ ಲೆಕ್ಕ ಮುಗಿಯುವವರೆಗೆ ಉತ್ತರ ಕೊಡುವುದಿಲ್ಲ, ನೂರಾದೊಡನೆ ಕಟ್ಟು ಬೇರೆ ಇಟ್ಟು ಮಾತನಾಡುತ್ತೇನೆ ಎಂಬ ಒಂದೇ ನಿಯಮ ಅವರ ಪಾಲಿಗೆ ಸಾಕು. ಸಾಲಿನ ಕೊನೆಯಲ್ಲಿ ಬಿಡುವ ಅವಧಾನಿಯ ಕ್ರಮವೇ ಇದು. ಉದ್ರಿ ವಸೂಲಿ, ಲೆಕ್ಕಪತ್ರಗಳಿಗೆ ಅವರ ಮಧ್ಯಾಹ್ನ ಒದಗುತ್ತದೆ.

ಹಾನಗಲ್ ಭಾಗದ ಅಕ್ಕಿ ಗಿರಣಿಯವರದು ಬೇರೆ ಸ್ಥಿತಿ. ಭತ್ತದ ತೇವ ಸುಮಾರು ಶೇಕಡಾ 14ರ ಆಸುಪಾಸಿನಲ್ಲಿದ್ದಾಗ ಮಿಲ್ಲಿಂಗ್ ಚೆನ್ನಾಗಿ ಆಗುತ್ತದೆ. ತಳಿ ಬದಲಾದಾಗ ರಬ್ಬರ್ ರೋಲುಗಳ ನಡುವಿನ ಅಂತರವನ್ನು ಸರಿಪಡಿಸಬೇಕು. ಅದು ತಪ್ಪಿದರೆ ನುಚ್ಚು ಹೆಚ್ಚುತ್ತದೆ, ಇಳುವರಿ ಕುಗ್ಗುತ್ತದೆ. ದಿನದಲ್ಲಿ ಅವರ ಪೂರ್ಣ ಗಮನ ಬೇಕಾಗುವುದು ತಳಿ ಬದಲಾಗುವ ಆ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ. ಆ ಹೊತ್ತಿಗೆ ಫೋನನ್ನು ಗುಮಾಸ್ತರ ಕೈಗೆ ಕೊಡುವುದು, ಸಾಧ್ಯವಾದಷ್ಟು ಒಂದೇ ತಳಿಯ ಭತ್ತವನ್ನು ಒಟ್ಟಿಗೆ ತೆಗೆದುಕೊಳ್ಳುವುದು ಇವೆರಡರಿಂದ ಅವರ ದಿನ ಹಗುರವಾಗುತ್ತದೆ.

ಶಿಗ್ಗಾವಿ ರಾಷ್ಟ್ರೀಯ ಹೆದ್ದಾರಿ 48ರ ಮೇಲಿದೆ. ಹೆದ್ದಾರಿಯ ಬದಿಯ ವರ್ಕ್‌ಶಾಪಿಗೆ ಗಿರಾಕಿ ಹೇಳಿ ಬರುವುದಿಲ್ಲ. ಕೆಟ್ಟು ನಿಂತ ವಾಹನಕ್ಕೆ ಸಮಯವೆಂಬುದಿಲ್ಲ. ಇಲ್ಲಿ ಅಡ್ಡಿಯೇ ವ್ಯಾಪಾರ. ಆದುದರಿಂದ ಬೇರ್ಪಡಿಸುವ ಉಪಾಯ ಇವರಿಗೆ ಹೆಚ್ಚು ಉಪಯುಕ್ತ. ಬಿಚ್ಚಿದ ಪ್ರತಿಯೊಂದು ಕೆಲಸಕ್ಕೂ ಒಂದು ಪ್ರತ್ಯೇಕ ಟ್ರೇ; ಆ ಕೆಲಸದ ನಟ್ಟು ಬೋಲ್ಟುಗಳು, ಬಿಡಿಭಾಗಗಳು ಮತ್ತು ಎಲ್ಲಿಯವರೆಗೆ ಆಗಿದೆ ಎಂಬ ಚೀಟಿ ಅದರಲ್ಲಿಯೇ. ನಡುವೆ ಬೇರೆ ವಾಹನ ಬಂದರೂ ಮರಳಿ ಬಂದಾಗ ಟ್ರೇಯೇ ಕಥೆ ಹೇಳುತ್ತದೆ.

ಹಿರೇಕೆರೂರಿನ ಬೀಜ-ಗೊಬ್ಬರದ ಅಂಗಡಿಯವರಿಗೆ ಮುಂಗಾರಿನ ಕೆಲವು ವಾರಗಳು ವರ್ಷದ ಭಾರವನ್ನೆಲ್ಲ ಹೊರುತ್ತವೆ. ಗೋವಿನಜೋಳ, ಹತ್ತಿಯ ಬಿತ್ತನೆಗೆ ಹದ ಬಂದಾಗ ರೈತರು ಒಟ್ಟಿಗೆ ಬರುತ್ತಾರೆ. ಸಬ್ಸಿಡಿ ಗೊಬ್ಬರಕ್ಕೆ ಪಿಒಎಸ್ ಯಂತ್ರದಲ್ಲಿ ನಮೂದಾಗಬೇಕು, ಬೀಜದ ಬಿಲ್ಲಿನಲ್ಲಿ ಲಾಟ್ ಸಂಖ್ಯೆ ಸರಿಯಾಗಿರಬೇಕು. ಲಾಟ್ ಸಂಖ್ಯೆ ತಪ್ಪಿದ ಬಿಲ್ಲು ಮೊಳಕೆ ಬಾರದ ದೂರು ಬಂದಾಗ ರೈತನಿಗೂ ಆಧಾರವಾಗುವುದಿಲ್ಲ, ಅಂಗಡಿಯವರಿಗೂ ಆಗುವುದಿಲ್ಲ. ಗೊಬ್ಬರಕ್ಕೆ ಒಂದು ಸಾಲು, ಬೀಜಕ್ಕೆ ಇನ್ನೊಂದು ಸಾಲು ಮಾಡಿ, ಒಬ್ಬರು ಒಂದೇ ಬಗೆಯ ಬಿಲ್ಲು ಬರೆಯುವಂತೆ ಮಾಡುವುದು ಇಲ್ಲಿನ ಮುಖ್ಯ ಉಪಾಯ. ಕೈಗೆ ಇನ್ನೊಬ್ಬರಿಲ್ಲದಿದ್ದರೆ, ಪ್ರತಿ ಹತ್ತು ಬಿಲ್ಲಿಗೊಮ್ಮೆ ನಿಂತು ಲಾಟ್ ಸಂಖ್ಯೆಗಳನ್ನು ತಾಳೆ ನೋಡುವುದಾದರೂ ಆಗಬೇಕು.

ನಾಲ್ವರ ಸಮಸ್ಯೆಯೂ ಗಮನದ್ದೇ. ಆದರೆ ಒಬ್ಬರಿಗೆ ಎಣಿಕೆ, ಒಬ್ಬರಿಗೆ ತಳಿ ಬದಲಾಗುವ ಗಳಿಗೆ, ಒಬ್ಬರಿಗೆ ಟ್ರೇ, ಒಬ್ಬರಿಗೆ ಸಾಲು ಪರಿಹಾರವಾಯಿತು. ಇನ್ನೊಬ್ಬರ ದಿನಚರಿಯನ್ನು ಎರವಲು ತಂದರೆ ಹೊಂದುವುದಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಡ.

ತಮ್ಮ ಕ್ರಮವನ್ನು ತಾವೇ ಕಂಡುಕೊಳ್ಳುವ ಬಗೆ

ಇದಕ್ಕೆ ನಾಲ್ಕು ವಾರಗಳ ಒಂದು ಅಭ್ಯಾಸವನ್ನು ಸೂಚಿಸಬಹುದು. ಬೇಕಾಗುವ ಬಂಡವಾಳ ಒಂದು ನೋಟು ಪುಸ್ತಕ, ಒಂದು ಪೆನ್ನು.

ಮೊದಲ ವಾರ ಏನನ್ನೂ ಬದಲಿಸದೆ ಬರೆದಿಡುವುದು ಮಾತ್ರ. ಕೆಲಸ ಬದಲಾದಾಗಲೆಲ್ಲ ಒಂದು ಸಾಲು: ವೇಳೆ, ಬಿಟ್ಟ ಕೆಲಸ, ಹಿಡಿದ ಕೆಲಸ, ಬದಲಾವಣೆಗೆ ಕಾರಣ. ಕಾರಣಕ್ಕೆ ಒಂದೊಂದು ಅಕ್ಷರ ಸಾಕು. 'ಗಿ' ಎಂದರೆ ಗಿರಾಕಿ, 'ಫೋ' ಎಂದರೆ ಫೋನು, 'ಆ' ಎಂದರೆ ಆಳು, 'ಯಂ' ಎಂದರೆ ಯಂತ್ರ, 'ನಾ' ಎಂದರೆ ನಾನೇ. ಈ ಕೊನೆಯ ಅಕ್ಷರವನ್ನು ಬರೆಯುವಾಗ ಪ್ರಾಮಾಣಿಕತೆ ಅವಶ್ಯ. ಯಾರೂ ಕರೆಯದಿದ್ದರೂ ಕೈ ಮೊಬೈಲಿನತ್ತ ಹೋದುದು 'ನಾ' ಲೆಕ್ಕಕ್ಕೆ ಸೇರಬೇಕು. ವಾರದ ಕೊನೆಯಲ್ಲಿ ಸರಳ ಗುಣಾಕಾರ ಮಾಡಬಹುದು. ಉದಾಹರಣೆಗೆ, ದಿನಕ್ಕೆ 30 ಬಾರಿ ಕೆಲಸ ಬದಲಾಗಿ, ಪ್ರತಿ ಬಾರಿ ಮೊದಲಿನ ಕೆಲಸದ ಎಳೆ ಹಿಡಿಯಲು 3 ನಿಮಿಷ ಹಿಡಿದರೆ ದಿನಕ್ಕೆ 90 ನಿಮಿಷಗಳಾದವು. ಇದು ಲೆಕ್ಕದ ಮಾದರಿ ಮಾತ್ರ. ತಮ್ಮ ಅಂಕೆಗಳು ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ತಿಳಿಯಬೇಕಾದುದು ತಮ್ಮದೇ ಅಂಕೆ.

ಎರಡನೆಯ ವಾರ ಅಡ್ಡಿಗಳನ್ನು ಮೂರು ಗುಂಪು ಮಾಡಬೇಕು: ಕೂಡಲೇ ನೋಡಬೇಕಾದವು, ಒಂದು ತಾಸು ಕಾಯಬಹುದಾದವು, ಸಂಜೆಯವರೆಗೆ ಕಾಯಬಹುದಾದವು. ಅಂಗಡಿಗೆ ಬಂದ ಗಿರಾಕಿ, ಅವಘಡ, ನಿಂತ ಯಂತ್ರ ಇವು ಮೊದಲ ಗುಂಪು. ದರ ವಿಚಾರಿಸುವ ಫೋನು ಹಲವು ಬಾರಿ ಎರಡನೆಯದು. ವಾಟ್ಸ್‌ಆ್ಯಪ್ ಗುಂಪಿನ ಸಂದೇಶಗಳು, ಕಂಪನಿ ಪ್ರತಿನಿಧಿಗಳ ಭೇಟಿ ಸಾಮಾನ್ಯವಾಗಿ ಮೂರನೆಯದು. ನಡುವೆ ಬರುವ ಅಧಿಕಾರ ಯಾರಿಗೆ ಎಂಬುದನ್ನು ಹೀಗೆ ನಿರ್ಧರಿಸಿ, ಮನೆಯವರಿಗೂ ಗುಮಾಸ್ತರಿಗೂ ತಿಳಿಸಿಡಬೇಕು. ತಿಳಿಸದ ನಿಯಮವನ್ನು ಯಾರೂ ಪಾಲಿಸಲಾರರು.

ಮೂರನೆಯ ವಾರ ಬಿಟ್ಟುಹೋಗುವ ಚೀಟಿಯ ಅಭ್ಯಾಸ. ಕೆಲಸವನ್ನು ಅರ್ಧಕ್ಕೆ ಬಿಡಲೇಬೇಕಾದಾಗ ಹತ್ತು ಸೆಕೆಂಡಿನಲ್ಲಿ ಎರಡು ಮಾತು ಬರೆದಿಡುವುದು: ಎಲ್ಲಿಯವರೆಗೆ ಆಯಿತು, ಮರಳಿದಾಗ ಮೊದಲು ಏನು ಮಾಡಬೇಕು. ಸೋಫಿ ಲೆರಾಯ್ ಮತ್ತು ಥೆರೇಸಾ ಗ್ಲಾಂಬ್ ಅವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಮರಳುವ ಯೋಜನೆಯನ್ನು ಗುರುತು ಮಾಡಿಟ್ಟವರ ಗಮನ ಹಿಂದಿನ ಕೆಲಸದಲ್ಲಿ ಸಿಕ್ಕಿಕೊಳ್ಳುವುದು ಕಡಿಮೆಯಾಗಿ, ಮುಂದಿನ ಕೆಲಸ ಉತ್ತಮವಾಗಿ ನಡೆದುದು ಕಂಡುಬಂದಿತು. ಕಲ್ಲನ್ನು ಸ್ವಚ್ಛಗೊಳಿಸುವ ಕಾಳೆಂದರೆ ಈ ಚೀಟಿ.

ನಾಲ್ಕನೆಯ ವಾರ ತಮ್ಮ ಶಾಂತವಾದ ಹೊತ್ತನ್ನು ಕಂಡುಹಿಡಿದು, ಅತ್ಯಂತ ತಪ್ಪಾಗುವ ಕೆಲಸವನ್ನು ಅದಕ್ಕೆ ಜೋಡಿಸುವುದು. ಮೊದಲ ವಾರದ ಟಿಪ್ಪಣಿಯಲ್ಲಿಯೇ ಆ ಹೊತ್ತು ಅಡಗಿರುತ್ತದೆ. ಕೆಲವರಿಗೆ ಅದು ಅಂಗಡಿ ತೆರೆಯುವ ಮುಂಚಿನ ಅರ್ಧ ತಾಸು, ಕೆಲವರಿಗೆ ಊಟದ ನಂತರದ ಹೊತ್ತು, ಕೆಲವರಿಗೆ ರಾತ್ರಿ ಮನೆಯಲ್ಲಿ. ಒಬ್ಬರು ಮೂರು ಗಂಟೆ ಒಂದೇ ಕೆಲಸ ಮಾಡಬಲ್ಲರು. ಇನ್ನೊಬ್ಬರ ಮನಸ್ಸು ಇಪ್ಪತ್ತೈದು ನಿಮಿಷಕ್ಕೆ ದಣಿಯುತ್ತದೆ. ಎರಡನೆಯವರು ತಮ್ಮನ್ನು ಹಳಿದುಕೊಳ್ಳಬೇಕಾಗಿಲ್ಲ. ಕೆಲಸವನ್ನೇ ಇಪ್ಪತ್ತೈದು ನಿಮಿಷದ ತುಂಡುಗಳಾಗಿ ಕತ್ತರಿಸಿಕೊಂಡರಾಯಿತು.

ಫಲ ದೊರೆತಿದೆಯೇ ಎಂದು ತಿಳಿಯಲು ಮನಸ್ಸಿನ ಭಾವನೆಯನ್ನು ನೆಚ್ಚದೆ ತಪ್ಪುಗಳನ್ನು ಎಣಿಸುವುದು ಒಳ್ಳೆಯದು. ತಿದ್ದಿದ ಬಿಲ್ಲುಗಳೆಷ್ಟು, ಮರಳಿ ತೂಗಿದ ಚೀಲಗಳೆಷ್ಟು, ಬರೆಯದೆ ಉಳಿದ ಉದ್ರಿಗಳೆಷ್ಟು ಎಂಬ ಮೂರು ಅಂಕೆಗಳು ಮೊದಲ ವಾರಕ್ಕಿಂತ ನಾಲ್ಕನೆಯ ವಾರದಲ್ಲಿ ಇಳಿದಿದ್ದರೆ ಕ್ರಮ ಸರಿಯಾಗಿದೆ. ಇಳಿಯದಿದ್ದರೆ ಒಂದೊಂದನ್ನೇ ಬದಲಿಸಿ ನೋಡಬೇಕು.

ಒಂದು ಆಕ್ಷೇಪಕ್ಕೆ ಉತ್ತರ

'ಗಿರಾಕಿಯೇ ದೇವರು, ಆತನನ್ನು ಕಾಯಿಸಿದರೆ ಎದುರಿನ ಅಂಗಡಿಗೆ ಹೋಗುತ್ತಾನೆ' ಎಂದು ಕೆಲವರು ಹೇಳಬಹುದು. ಮಾತು ನಿಜ. ಕಾಯಿಸಬೇಕೆಂದು ಈ ಲೇಖನ ಹೇಳುವುದೂ ಇಲ್ಲ. ಎದುರಿಗೆ ನಿಂತ ಗಿರಾಕಿಯ ನಡುವೆ ಫೋನಿನ ಗಿರಾಕಿ ನುಗ್ಗಿದಾಗ ಯಾರನ್ನು ಕಾಯಿಸುತ್ತಿದ್ದೇವೆ ಎಂಬುದನ್ನು ಯೋಚಿಸಬೇಕು. ಬಿಸಿಲಲ್ಲಿ ನಡೆದು ಬಂದವರು ನಿಂತೇ ಇರುತ್ತಾರೆ, ಕುಳಿತಲ್ಲಿಂದ ಗುಂಡಿ ಒತ್ತಿದವರಿಗೆ ಮೊದಲು ಉತ್ತರ ದೊರೆಯುತ್ತದೆ. ಕರೆ ಮಾಡಿದವರಿಗೆ ಹತ್ತು ನಿಮಿಷದಲ್ಲಿ ತಾವೇ ಕರೆಯುವುದಾಗಿ ಹೇಳಿ, ಹಾಗೆಯೇ ಕರೆದರೆ ಇಬ್ಬರ ಗೌರವವೂ ಉಳಿಯುತ್ತದೆ.

ಅಡ್ಡಿಗಳ ನಡುವೆಯೂ ತಾವು ವೇಗವಾಗಿ ಕೆಲಸ ಮುಗಿಸುತ್ತೇವೆ ಎನ್ನುವವರೂ ಇದ್ದಾರೆ. ಅದರಲ್ಲಿಯೂ ಸತ್ಯಾಂಶವಿದೆ. ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಡ್ಡಿಗೊಳಗಾದವರು ಕಡಿಮೆ ಸಮಯದಲ್ಲಿಯೇ ಕೆಲಸ ಮುಗಿಸಿದರು. ಗುಣಮಟ್ಟದಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರು ಅನುಭವಿಸಿದ ಒತ್ತಡ, ಅಸಮಾಧಾನ ಮತ್ತು ಆಯಾಸ ಹೆಚ್ಚಾಗಿತ್ತು. ಇದನ್ನು ಒಂದು ದಿನ ತಾಳಬಹುದು. ಮೂವತ್ತು ವರ್ಷ ಅಂಗಡಿ ನಡೆಸಬೇಕಾದವರು ತಮ್ಮ ಆರೋಗ್ಯವನ್ನೂ ಬಂಡವಾಳದಲ್ಲಿಯೇ ಎಣಿಸಬೇಕಾಗುತ್ತದೆ. ಮಾಲೀಕರ ಸಿಡುಕು ಗುಮಾಸ್ತರ ಮೇಲೆ, ಗುಮಾಸ್ತರ ಸಿಡುಕು ಗಿರಾಕಿಯ ಮೇಲೆ ಇಳಿಯುವುದನ್ನು ಯಾವ ಲೆಕ್ಕಪತ್ರವೂ ತೋರಿಸುವುದಿಲ್ಲ.

ಉಪಸಂಹಾರ

ನಮ್ಮ ತಾಲ್ಲೂಕುಗಳ ಸಣ್ಣ ವ್ಯಾಪಾರಸ್ಥರು ಹಲವು ಕೆಲಸಗಳಿಂದ ತಪ್ಪಿಸಿಕೊಳ್ಳಲಾಗದು. ತಪ್ಪಿಸಿಕೊಳ್ಳಬೇಕಾಗಿಯೂ ಇಲ್ಲ; ಎಲ್ಲವೂ ಒಬ್ಬರ ಕಣ್ಣಳತೆಯಲ್ಲಿ ಇರುವುದೇ ಸಣ್ಣ ವ್ಯವಹಾರದ ಬಲ. ಹೊರಳುವುದನ್ನು ನಿಲ್ಲಿಸಲಾಗದಿದ್ದರೂ ಹೊರಳುವ ಖರ್ಚನ್ನು ಇಳಿಸಬಹುದು. ಬೇರೆ ಮಾಡಬಹುದಾದುದನ್ನು ಬೇರೆ ಮಾಡಿ, ಒಟ್ಟುಗೂಡಿಸಬಹುದಾದುದನ್ನು ಒಟ್ಟುಗೂಡಿಸಿ, ಉಳಿದುದಕ್ಕೆ ಒಂದು ಚೀಟಿ ಬರೆದಿಡುವುದೇ ಇದರ ಸಾರ. ಯಾವುದು ಎಷ್ಟು ಎಂಬುದನ್ನು ಲೇಖನಗಳು ಹೇಳಲಾರವು. ತಮ್ಮದೇ ನೋಟು ಪುಸ್ತಕದ ಒಂದು ವಾರದ ಟಿಪ್ಪಣಿ ಹೇಳುತ್ತದೆ. ವ್ಯಾಪಾರಸ್ಥ ಬಂಧುಗಳು ಬರುವ ಸೋಮವಾರದಿಂದಲೇ ಆ ಮೊದಲ ಸಾಲನ್ನು ಬರೆಯಲು ಆರಂಭಿಸಿ, ತಿಂಗಳ ಕೊನೆಗೆ ದೊರೆತ ಅಂಕೆಗಳನ್ನು ತಮ್ಮ ಸಹವ್ಯಾಪಾರಿಗಳೊಡನೆ ಹಂಚಿಕೊಂಡರೆ ಎಲ್ಲರಿಗೂ ಪ್ರಯೋಜನವಾದೀತು.